ಕಾಲಡಿಯ ಕಾವಿ

ಶಿಂಷಾ ಹೊಳೆಯ ದಂಡೆಯಲ್ಲಿ ಒಂದು ಆಶ್ರಮ ಇತ್ತು. ಅಲ್ಲಿ ಕೂತು ಧ್ಯಾನ ಮಾಡುವ ಹಾಗಿರಲಿಲ್ಲ.

ಬೇರೆ ಕಡೆ ಶಿಷ್ಯರು ಪದ್ಮಾಸನ ಹಾಕುತ್ತಾರೆ, ಕಣ್ಣು ಮುಚ್ಚುತ್ತಾರೆ, ಸ್ವಲ್ಪ ಹೊತ್ತಿಗೆ ಸಣ್ಣಗೆ ಗೊರಕೆ ಶುರುವಾಗುತ್ತೆ. ನಾನೇನು ಚಾಡಿ ಹೇಳುತ್ತಿಲ್ಲ, ಎಲ್ಲರಿಗೂ ಗೊತ್ತಿರುವ ವಿಷಯ. ಈ ಆಶ್ರಮದ ಗುರು ನಿರ್ವಾಣಯ್ಯನವರಿಗೆ ಅದನ್ನು ನೋಡಿ ನೋಡಿ ಸಾಕಾಗಿತ್ತು. ಒಂದು ದಿನ ಶಿಷ್ಯರನ್ನೆಲ್ಲ ಎಬ್ಬಿಸಿ ನಿಲ್ಲಿಸಿಬಿಟ್ಟರು.

ಬೆಳಗಿನ ಜಾವ ಹೊಳೆಯಲ್ಲಿ ಮೀಯಬೇಕು. ದಂಡೆಯ ಅಗಲವಾದ ಬಂಡೆ ಹತ್ತಿ, ಪೂರ್ವಕ್ಕೆ ಮುಖ ಮಾಡಿ ನಿಲ್ಲಬೇಕು. ಆಚೆ ದಡದ ಹೊಂಗೆಮರದ ಮೇಲೆ ಸೂರ್ಯ ಬರುವ ತನಕ ಅಲುಗಬಾರದು. ಮಂತ್ರ ಇಲ್ಲ, ಜಪಮಣಿ ಇಲ್ಲ. ಇದಕ್ಕೆ ಅಲ್ಲಿ 'ನಿಲುವು' ಅಂತ ಹೆಸರು. ಆ ಬಂಡೆಯ ಮೇಲೆ ಯಾರೂ ಕೂರಕೂಡದು ಅನ್ನುವುದೊಂದೇ ಕಟ್ಟಳೆ.

ಕೇಳೋದಕ್ಕೆ ಸುಲಭ. ನಿಂತು ನೋಡಿ, ಗೊತ್ತಾಗುತ್ತೆ.

ಅಲ್ಲಿಗೆ ಅಡವೀಶ ಅನ್ನುವವನು ಬಂದ. ಮೂವತ್ತರ ಆಸುಪಾಸಿನ ಗಟ್ಟಿ ಆಳು. ಆದರೆ ಎಡಕ್ಕೆ ವಾಲಿಕೊಂಡು ನಡೆಯುತ್ತಿದ್ದ. ಎಡಭುಜ ಇಳಿದಿತ್ತು, ಕತ್ತು ಒಂದು ಕಡೆಗೆ ಬಾಗಿತ್ತು. ದೂರದಿಂದ ನೋಡಿದರೆ ಯಾರ ಮಾತನ್ನೋ ಕದ್ದು ಕೇಳುತ್ತಿದ್ದಾನೆ ಅನ್ನಿಸೋದು.

"ಯಾಕಪ್ಪಾ ಬಂದೆ?" ಅಂದರು ಗುರುಗಳು.

"ಊರಲ್ಲಿ ನನ್ನ ಸೊಟ್ಟಡವಿ ಅಂತಾರೆ ಬುದ್ಧಿ."

ಆ ಸೀಮೆಯಲ್ಲಿ ಗುರುಗಳನ್ನು 'ಬುದ್ಧಿ' ಅಂತಲೇ ಕರೆಯುವುದು.

"ಅದಕ್ಕೆ?"

"ಮೊದಮೊದಲು ಮೈ ಸೊಟ್ಟ ಅಂತಿದ್ರು. ಆಮೇಲೆ ಬುದ್ಧಿನೂ ಸೊಟ್ಟ ಅಂದ್ರು, ನಡತೆನೂ ಸೊಟ್ಟ ಅಂದ್ರು. ಯಾರ ಮನೇಲಿ ಏನು ಕಳೆದ್ರೂ ಮೊದಲು ನನ್ನ ಮುಖ ನೋಡ್ತಾರೆ. ಕೇಳಿ ಕೇಳಿ ನನಗೇ ಹೌದು ಅನ್ನಿಸೋಕೆ ಶುರುವಾಗಿದೆ. ನಾನು ನೆಟ್ಟಗಾಗಬೇಕು ಬುದ್ಧಿ. ಇಲ್ಲೂ ಆಗದಿದ್ರೆ ನನಗೆ ಇನ್ನೆಲ್ಲೂ ಜಾಗ ಇಲ್ಲ."

"ನಿಲ್ಲು, ನೋಡೋಣ," ಅಂದರು ಗುರುಗಳು.

ಹೊಸಬರನ್ನು ಗವಿಯಪ್ಪನ ಕೈಗೆ ಒಪ್ಪಿಸುವುದು ಅಲ್ಲಿನ ರೂಢಿ. ಗವಿಯಪ್ಪ ಕೆಟ್ಟವನಲ್ಲ. ಹಳೇ ಶಿಷ್ಯ, ಅಷ್ಟೇ. ಹಳೇ ಶಿಷ್ಯರಿಗೆ ಗುರುವಿಗಿಂತ ಒಂದು ತೂಕ ಹೆಚ್ಚೇ ಗೊತ್ತಿರುತ್ತೆ.

"ಕತ್ತು ನೆಟ್ಟಗೆ!" ಅಂದ ಗವಿಯಪ್ಪ.

ಅಡವೀಶ ಕತ್ತು ನೆಟ್ಟಗೆ ಮಾಡಿದ. ಭುಜ ಇನ್ನಷ್ಟು ಇಳಿಯಿತು.

"ಭುಜ ಎತ್ತು!"

ಎತ್ತಿದ. ಸೊಂಟ ಪಕ್ಕಕ್ಕೆ ಹೋಯಿತು.

"ಸೊಂಟ, ಸೊಂಟ! ಅಯ್ಯೋ, ಒಳಗೆ ತಗೊಳ್ಳೋ!"

ತಗೊಂಡ. ಮಂಡಿ ಬಾಗಿತು. ಮಂಡಿ ಬಿಗಿ ಮಾಡಿದ. ಅಷ್ಟರಲ್ಲಿ ಕತ್ತು ಮತ್ತೆ ಮೊದಲಿನ ಜಾಗಕ್ಕೇ ಬಂದಿತ್ತು.

ದಿನಾ ಇದೇ ಆಯಿತು. ಸೂರ್ಯ ಮೇಲೆ ಬರುವ ಹೊತ್ತಿಗೆ ಅಡವೀಶನ ಮಂಡಿ ಉರಿಯುತ್ತಿತ್ತು, ಸೊಂಟ ಸೆಟೆದುಕೊಳ್ಳುತ್ತಿತ್ತು. ಉಳಿದವರು ಬಂಡೆ ಇಳಿದು ಹೋದ ಮೇಲೆ ಅವನು ಕೈಯೂರಿಕೊಂಡು ಇಳಿಯುತ್ತಿದ್ದ. ಬಾಯಿ ಬಿಟ್ಟು ನೋವು ಅನ್ನಲಿಲ್ಲ. ನೋವು ತನ್ನ ಪಾಪದ್ದು, ಅದನ್ನು ಹೇಳಿಕೊಳ್ಳಬಾರದು ಅಂದುಕೊಂಡಿದ್ದ.

ಗವಿಯಪ್ಪ ತಲೆ ಕೆರೆದುಕೊಂಡು ಯೋಚನೆ ಮಾಡಿದ. ಕೊನೆಗೆ ತೀರ್ಪು ಕೊಟ್ಟ.

"ಇದು ಮೈ ಸೊಟ್ಟ ಅಲ್ಲ ಕಣೋ. ಮನಸ್ಸೇ ಸೊಟ್ಟ. ಮನಸ್ಸು ನೆಟ್ಟಗಿದ್ರೆ ಮೈ ಯಾಕೆ ವಾಲುತ್ತೆ? ಉಪವಾಸ ಮಾಡು."

ಅಡವೀಶ ಉಪವಾಸ ಮಾಡಿದ. ಈಗ ವಾಲುವುದರ ಜೊತೆಗೆ ತಲೆಯೂ ಸುತ್ತತೊಡಗಿತು.

ಒಂದು ಬೆಳಿಗ್ಗೆ ಅವನು ಗುರುಗಳನ್ನು ಹುಡುಕಿಕೊಂಡು ಹೋದ. ಅವರು ಅಡುಗೆಮನೆಯ ಹೊರಗೆ ಸೊಪ್ಪು ಸೋಸುತ್ತಿದ್ದರು. ಪಕ್ಕದಲ್ಲಿ ಮೂರು ಕಲ್ಲಿನ ಒಲೆ, ಒಲೆಯ ಮೇಲೆ ಅಂಬಲಿಯ ಮಡಕೆ.

"ಬುದ್ಧಿ, ನನ್ನ ಮನಸ್ಸು ಸೊಟ್ಟ."

"ಹೌದಾ? ಯಾರಂದ್ರು?"

"ಗವಿಯಣ್ಣ ಅಂದ. ನನಗೂ ಹಾಗೇ ಅನ್ನಿಸುತ್ತೆ. ಏನು ಮಾಡಿದ್ರೂ ನೆಟ್ಟಗಾಗ್ತಿಲ್ಲ."

"ಅದಿರಲಿ. ಆ ಮಡಕೆ ನೋಡು, ವಾಲ್ತಾ ಇದೆ. ಅಂಬಲಿ ಚೆಲ್ಲಿಹೋದೀತು. ನೆಟ್ಟಗೆ ಮಾಡು."

ಅಡವೀಶ ಬಟ್ಟೆ ಹಿಡಿದು ಮಡಕೆಯ ಕಂಠವನ್ನು ನೆಟ್ಟಗೆ ಮಾಡಿದ. ಕೈ ಬಿಟ್ಟ. ಮಡಕೆ ಮತ್ತೆ ವಾಲಿತು.

"ಹಿಡ್ಕೊಂಡೇ ಇರು ಹಾಗಾದ್ರೆ."

"ಎಷ್ಟೊತ್ತು ಅಂತ ಹಿಡೀಲಿ ಬುದ್ಧಿ? ಕೈ ಸುಡ್ತಿದೆ."

"ಬೈದು ನೋಡು ಮತ್ತೆ. ಉಪವಾಸ ಹಾಕು ಮಡಕೆಗೆ."

ಅಡವೀಶನಿಗೆ ನಗು ಬಂತು. ಆಶ್ರಮಕ್ಕೆ ಬಂದ ಮೇಲೆ ಮೊದಲ ಸಲ ನಕ್ಕದ್ದು. ನಗುತ್ತಲೇ ಬಗ್ಗಿ ಒಲೆಯ ಬುಡ ನೋಡಿದ.

"ಒಲೆಗುಂಡು ಕುಸಿದಿದೆ ಬುದ್ಧಿ!"

ಒಂದು ಹೆಂಚಿನ ಚೂರು ಹುಡುಕಿ ಕಲ್ಲಿನ ಕೆಳಗೆ ಸಿಕ್ಕಿಸಿದ. ಮಡಕೆ ನೆಟ್ಟಗೆ ಕೂತಿತು.

"ಈಗ ಮಡಕೆ ಮುಟ್ಟಿದೆಯಾ?"

"ಇಲ್ಲ."

"ಬಾ ನನ್ನ ಜೊತೆ," ಅಂತ ಗುರುಗಳು ಎದ್ದರು.

ಇಬ್ಬರೂ ಹೊಳೆಗೆ ಹೋದರು. ನೀರಿಗೆ ಇಳಿದು ಕಾಲು ನೆನೆಸಿಕೊಂಡು ಬಂಡೆ ಹತ್ತಿದರು. ಬಿಸಿಲಿಗೆ ಬಂಡೆ ಒಣಗಿ ಬೆಳ್ಳಗಾಗಿತ್ತು. ಇಬ್ಬರ ಹೆಜ್ಜೆಯೂ ಒದ್ದೆಯಾಗಿ ಮೂಡಿತು.

"ನೋಡು," ಅಂದರು ಗುರುಗಳು.

ಅಡವೀಶ ನೋಡಿದ. ಗುರುಗಳ ಹೆಜ್ಜೆಯಲ್ಲಿ ಹಿಮ್ಮಡಿ ಇತ್ತು, ಬೆರಳುಗಳಿದ್ದವು, ಹೊರ ಅಂಚಿನಲ್ಲಿ ಸಣ್ಣದೊಂದು ಪಟ್ಟಿ ಇತ್ತು. ನಡುವೆ ಒಳಗಡೆ ಬಂಡೆ ಒಣಗಿಯೇ ಇತ್ತು. ಅಲ್ಲಿ ಕಾಲು ತಾಗಿಯೇ ಇಲ್ಲ.

ಅಡವೀಶನ ಬಲಹೆಜ್ಜೆಯೂ ಹಾಗೇ ಇತ್ತು. ಎಡಹೆಜ್ಜೆ ಮಾತ್ರ ಇಡಿಯಾಗಿ ಒದ್ದೆ. ರೊಟ್ಟಿ ತಟ್ಟಿದ ಹಾಗೆ ಪೂರ್ತಿ ಬಿದ್ದಿತ್ತು.

"ನನ್ನ ಪಾದಕ್ಕೆ ದಿನಾ ಅಡ್ಡ ಬೀಳ್ತೀಯಲ್ಲ, ಎಂದಾದ್ರೂ ಆ ಪಾದ ನೋಡಿದೀಯಾ?"

"ಇಲ್ಲ ಬುದ್ಧಿ. ಕಣ್ಣು ಮುಚ್ಕೊಂಡಿರ್ತೀನಿ."

"ಎಲ್ಲರೂ ಅಷ್ಟೇ. ಬಗ್ಗು. ಈಗ ಕಣ್ಣು ಬಿಟ್ಕೊಂಡು ನೋಡು."

ಬಂಡೆಯ ಮೇಲೆ ಇರುವೆಗಳ ಒಂದು ಸಾಲು ಹೋಗುತ್ತಿತ್ತು. ಆಶ್ರಮದ ಅಂಗಳದಿಂದ ಅಕ್ಕಿನುಚ್ಚು ಹೊತ್ತು ಹೊರಟಿದ್ದವು. ಗುರುಗಳು ಆ ಸಾಲಿಗೆ ಅಡ್ಡವಾಗಿ ಮೆಲ್ಲಗೆ ಪಾದ ಇಟ್ಟು ನಿಂತರು.

ಸಾಲು ತಡೆಯಿತು. ಮುಂದಿನ ಇರುವೆ ಮೀಸೆ ಆಡಿಸಿತು, ಪಾದದ ಅಂಚನ್ನು ಮುಟ್ಟಿ ನೋಡಿತು. ಹೊರ ಅಂಚು ಸುತ್ತಿ ದಾರಿ ಹುಡುಕಿತು. ಆಮೇಲೆ ಒಳಗಡೆಗೆ ತಿರುಗಿ ಅಂಗಾಲಿನ ಆ ಕಮಾನಿನ ಕೆಳಗೆ ನುಗ್ಗಿ, ಹಿಮ್ಮಡಿಯ ಹತ್ತಿರ ಹೊರಗೆ ಬಂತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು.

ಗುರುಗಳು ಇನ್ನೊಂದು ಕಾಲನ್ನು ಮೇಲಕ್ಕೆ ಎತ್ತಿದರು. ಈಗ ಅವರ ಮೈಯ ಭಾರವೆಲ್ಲ ಆ ಒಂದು ಪಾದದ ಮೇಲೆ.

ಇರುವೆಗಳು ಹೋಗುತ್ತಲೇ ಇದ್ದವು. ಒಂದೂ ಸಾಯಲಿಲ್ಲ. ಒಂದರ ಬೆನ್ನ ಮೇಲಿನ ನುಚ್ಚೂ ಕೆಳಗೆ ಬೀಳಲಿಲ್ಲ.

ಅಡವೀಶನ ಮೈ ಜುಮ್ಮೆಂದಿತು. ಕೆನ್ನೆಯನ್ನು ಬಂಡೆಗೆ ಒತ್ತಿ ನೋಡಿದ. ಮೇಲೆ ಮೂಳೆ, ಮಾಂಸ, ತಲೆ, ಹೊಟ್ಟೆ, ಇಷ್ಟು ವರ್ಷದ ಬಾಳು, ಎಲ್ಲವೂ ಇದೆ. ಕೆಳಗೆ ಇರುವೆಯೊಂದು ತನ್ನ ಮನೆಗೆ ಅಕ್ಕಿ ಒಯ್ಯುತ್ತಿದೆ.

"ಅಬ್ಬಾ! ಇಷ್ಟು ಸಣ್ಣ ಬಾಗಿಲಾ ಬುದ್ಧಿ?"

"ಅಷ್ಟೇ. ಅದರ ಮೇಲೆ ಇಡೀ ಮನುಷ್ಯ ನಿಂತಿದಾನೆ."

"ಅಲ್ಲಿ ಏನೂ ಇಲ್ಲವಲ್ಲ! ಖಾಲಿ!"

"ಖಾಲಿ ಇರೋದ್ರಿಂದ್ಲೇ ನಿಂತಿದಾನೆ."

"ಇದನ್ನ ಯಾರು ಕಟ್ಟಿದ್ರು ಬುದ್ಧಿ?"

"ನೀನೇ. ಹುಟ್ಟಿದ ಕೂಸಿನ ಅಂಗಾಲು ನೋಡಿದೀಯಾ? ದುಂಡಗೆ, ಬೆಣ್ಣೆಮುದ್ದೆ. ಈ ಬಾಗಿಲು ಕಾಣೋದೇ ಇಲ್ಲ. ಕೂಸು ಏಳುತ್ತೆ, ಬೀಳುತ್ತೆ, ಮತ್ತೆ ಏಳುತ್ತೆ. ಹೆಜ್ಜೆ ಇಡ್ತಾ ಇಡ್ತಾ ಬಾಗಿಲು ಎದ್ದು ಬರುತ್ತೆ. ಯಾವ ತಾಯಿಗೂ ಅದು ಯಾವಾಗ ಎದ್ದಿತು ಅಂತ ಗೊತ್ತಾಗಲ್ಲ."

ಅಡವೀಶ ಎದ್ದು ನಿಂತ. ಆಮೇಲೆ ತನ್ನ ಎಡಗಾಲು ನೋಡಿಕೊಂಡ.

"ನಿನ್ನದನ್ನೂ ಇಡು ಇಲ್ಲಿ," ಅಂದರು ಗುರುಗಳು.

ಅವನು ಕಾಲು ಎತ್ತಿದ. ಇರುವೆಗಳ ಮೇಲೆ ತಂದ. ಥಟ್ಟನೆ ಹಿಂದಕ್ಕೆ ಎಳೆದುಕೊಂಡ.

"ಬೇಡ ಬುದ್ಧಿ. ಸಾಯ್ತವೆ."

ಗುರುಗಳು ಅವನ ಮುಖವನ್ನೇ ನೋಡಿದರು.

"ಚಿಕ್ಕವನಿದ್ದಾಗ ಗಾಡಿಯಿಂದ ಬಿದ್ದೆ. ಕಾಲು ಊದಿ ತುಂಬಾ ದಿನ ಮಲಗಿದ್ದೆ. ಆವತ್ತಿನಿಂದ ಈ ಕಾಲು ಹೀಗೇ ಕುಸಿದುಬಿಟ್ಟಿದೆ. ಇದಕ್ಕೂ ಕತ್ತಿಗೂ ಸಂಬಂಧ ಅಂತ ನನಗೆ ಯಾರೂ ಹೇಳಲಿಲ್ಲ."

"ಅಂಗಾಲು ಒಳಕ್ಕೆ ಕುಸಿದ್ರೆ ಮಂಡಿ ಒಳಕ್ಕೆ ತಿರುಗುತ್ತೆ. ಸೊಂಟ ಒಂದು ಕಡೆ ಇಳಿಯುತ್ತೆ. ಬೆನ್ನು ಏನು ಮಾಡಬೇಕು ಪಾಪ? ಬಾಗಿ ಸರಿದೂಗಿಸುತ್ತೆ. ಭುಜ ಇಳಿಯುತ್ತೆ, ಕತ್ತು ವಾಲುತ್ತೆ. ನೀನು ಬೀಳಬಾರದು ಅಂತ ನಿನ್ನ ಮೈ ಇಷ್ಟು ವರ್ಷ ಹಗಲೂ ರಾತ್ರಿ ದುಡಿದಿದೆ. ಅದನ್ನ ಸೊಟ್ಟ ಅಂತೀಯಲ್ಲೋ!"

ಅಡವೀಶನ ಕಣ್ಣಲ್ಲಿ ನೀರು ಬಂತು. ತನ್ನ ಮೈಯ ಪರವಾಗಿ ಯಾರಾದರೂ ಮಾತಾಡಿದ್ದನ್ನು ಅವನು ಕೇಳಿದ್ದು ಅದೇ ಮೊದಲು.

"ಹಾಗಾದ್ರೆ ನನ್ನ ಮನಸ್ಸು?"

"ಮನಸ್ಸಿನ ಸುದ್ದಿ ಯಾರು ಎತ್ತಿದ್ರು? ನಾನು ಪಾದದ ಸುದ್ದಿ ಹೇಳ್ತಿದೀನಿ."

ಹೇಳುತ್ತಲೇ ಗುರುಗಳು ತಮ್ಮ ಹೆಗಲ ಮೇಲಿನ ಕಾವಿ ವಸ್ತ್ರ ತೆಗೆದರು. ಅಂಚು ಹಿಡಿದು ಪರ್ರನೆ ಹರಿದರು. ಹರಿದ ತುಂಡನ್ನು ಮಡಿಸಿ ಮಡಿಸಿ ಗಟ್ಟಿ ಮಾಡಿದರು. ಕೋಳಿಮೊಟ್ಟೆಯನ್ನು ಉದ್ದಕ್ಕೆ ಸೀಳಿದ ಹಾಗೆ ಒಂದು ಪುಟ್ಟ ದಿಂಬಾಯಿತು.

"ತಗೋ. ಇದನ್ನ ಅಂಗಾಲಿನ ಅಡಿ, ಒಳಗಡೆಗೆ ಇಟ್ಕೊಂಡು ನಾಳೆ ನಿಲುವಿಗೆ ಬಾ."

ಅಡವೀಶ ಎರಡೂ ಕೈ ಚಾಚಿ ಅದನ್ನು ತಗೊಂಡ. ಕಣ್ಣಿಗೆ ಒತ್ತಿಕೊಂಡ. ಬಂಡೆಯ ಮೇಲೆ ಉದ್ದಂಡ ಅಡ್ಡ ಬಿದ್ದ. ಕಣ್ಣು ಮುಚ್ಚಿಕೊಂಡೇ ಬಿದ್ದ ಅನ್ನೋದನ್ನ ಬೇರೆ ಹೇಳಬೇಕಾ?

ಗುಡಿಸಲಿಗೆ ಬಂದು ಅವನು ಆ ದಿಂಬನ್ನು ನೆಲದ ಮೇಲಿಟ್ಟ. ಎಡಗಾಲು ಎತ್ತಿದ. ಕಾಲು ಕೆಳಗೆ ಬರಲಿಲ್ಲ. ಗುರುಗಳ ಹೆಗಲ ಮೇಲಿದ್ದ ಬಟ್ಟೆ. ಅವರ ವಿಭೂತಿಯ ವಾಸನೆ ಇನ್ನೂ ಅದರಲ್ಲಿತ್ತು. ಅದರ ಮೇಲೆ ಈ ಸೊಟ್ಟಡವಿಯ ಕಾಲು ಇಡುವುದಾ?

ಅಷ್ಟರಲ್ಲಿ ಗವಿಯಪ್ಪ ಬಂದ.

"ಏನೋ ಅದು?"

ಅಡವೀಶ ನಡೆದದ್ದೆಲ್ಲ ಹೇಳಿದ.

ಗವಿಯಪ್ಪ ಎರಡೂ ಕೆನ್ನೆಗೆ ಬಡಿದುಕೊಂಡ. "ಶಿವ ಶಿವಾ! ಗುರುಗಳ ಮೈಮೇಲಿನ ಕಾವಿ! ಅದನ್ನ ತುಳೀತೀಯಾ? ಕಾಲು ಬಿದ್ದುಹೋದೀತು!"

"ಅವರೇ ಅಂಗಾಲಿನ ಅಡಿ ಇಟ್ಕೋ ಅಂದ್ರು ಗವಿಯಣ್ಣ."

"ಅವರು ಯಾವತ್ತು ನೇರವಾಗಿ ಮಾತಾಡಿದಾರೆ? ಅದು ಒಗಟು ಕಣೋ! ನಿನ್ನ ಅಂಗಾಲು ಅಂದ್ರಾ ಅವರು? ಬರೀ ಅಂಗಾಲು ಅಂದ್ರು. ಅಂದ್ರೆ ಶಿವನ ಅಂಗಾಲು."

ಇದು ಶಿಷ್ಯರ ಹಳೆಯ ಕಾಯಿಲೆ. ಗುರು ಒಗಟು ಹೇಳಿದರೆ ಅದನ್ನ ನೇರವಾಗಿ ಹಿಡಿಯುತ್ತಾರೆ. ಅಪರೂಪಕ್ಕೆ ನೇರವಾಗಿ ಹೇಳಿದರೆ ಅದರಲ್ಲಿ ಒಗಟು ಹುಡುಕುತ್ತಾರೆ.

ಅಡವೀಶನಿಗೂ ಅದೇ ಬೇಕಿತ್ತು. ಇಬ್ಬರೂ ಸೇರಿ ದಿಂಬನ್ನು ಒಂದು ಮಣೆಯ ಮೇಲಿಟ್ಟು, ಲಿಂಗದ ಮುಂದೆ ಕೂರಿಸಿದರು. ಕಣಗಿಲೆ ಹೂ ಇಟ್ಟರು, ಊದುಬತ್ತಿ ಹಚ್ಚಿದರು. ಸಂಜೆಯ ಹೊತ್ತಿಗೆ ಆಶ್ರಮದವರೆಲ್ಲ ಬಂದು ಕೈ ಮುಗಿದು ಹೋದರು.

ಮಾರನೇ ಬೆಳಿಗ್ಗೆ ಅಡವೀಶ ಬಂಡೆಯ ಮೇಲೆ ಎಂದಿನ ಹಾಗೇ ವಾಲಿಕೊಂಡು ನಿಂತ. ಎಂದಿನ ಹಾಗೇ ಕೈಯೂರಿಕೊಂಡು ಇಳಿದ.

"ಬಟ್ಟೆ ಎಲ್ಲಿ?" ಅಂದರು ಗುರುಗಳು.

"ಪೂಜೇಲಿದೆ ಬುದ್ಧಿ."

"ಯಾಕೆ, ಶಿವನಿಗೂ ಸೊಂಟನೋವು ಬಂತಾ?"

ಅಡವೀಶ ತಲೆ ತಗ್ಗಿಸಿದ. ಗುರುಗಳು ಸುತ್ತ ನೋಡಿದರು. ಅಡುಗೆಮನೆಯ ಹೊಸ್ತಿಲಲ್ಲಿ ಕಾಲೊರೆಸುವ ಹಳೇ ಗೋಣಿತಾಟು ಬಿದ್ದಿತ್ತು.

"ಅದೋ, ಆ ಗೋಣಿ ನೋಡು. ನಾನು ಹೊದ್ದಿದ್ದಲ್ಲ, ಮುಟ್ಟಿದ್ದೂ ಅಲ್ಲ. ಎಲ್ಲರೂ ತುಳಿದಿರೋದೇ. ಅದರಲ್ಲಿ ಒಂದು ಚೂರು ಹರಿದು ಮಡಿಸಿ ಇಟ್ಕೋ."

ಸಂಜೆ ಗುರುಗಳು ಪೂಜೆಯ ಕೋಣೆಗೆ ಹೋದರು. ಮಣೆಯ ಮೇಲೆ ಕಾವಿ ದಿಂಬಿನ ಪಕ್ಕದಲ್ಲಿ ಗೋಣಿಯ ದಿಂಬೂ ಕೂತಿತ್ತು. ಅದಕ್ಕೂ ವಿಭೂತಿ ಹಚ್ಚಿದ್ದರು.

"ಗವಿಯಪ್ಪಾ, ಇದು ಏನು?"

"ನೀವು ಬೆರಳು ತೋರಿಸಿದ ಮೇಲೆ ಅದು ಪ್ರಸಾದ ಆಗೋಯ್ತು ಬುದ್ಧಿ."

"ನಾಳೆ ಸಗಣಿ ತೋರಿಸಿದ್ರೆ?"

ಗವಿಯಪ್ಪ ಒಂದು ಕ್ಷಣ ಯೋಚಿಸಿದ. "ಗರಿಕೆ ಸಿಕ್ಕಿಸಿ ಬೆನಕ ಮಾಡ್ತೀವಿ ಬುದ್ಧಿ," ಅಂದ.

ಗುರುಗಳಿಗೆ ನಗು ತಡೆಯಲಾಗಲಿಲ್ಲ. ಹೊರಗೆ ಬಂದು ಕಂಬ ಹಿಡಿದುಕೊಂಡು ನಕ್ಕರು. ಆಮೇಲೆ ಅಂಗಳದಲ್ಲಿ ಕುಂಟುತ್ತಾ ನೀರು ಹೊರುತ್ತಿದ್ದ ಅಡವೀಶನನ್ನು ಕಂಡರು. ಅವರ ನಗು ನಿಂತುಹೋಯಿತು.

ಮರುದಿನ ಮೋಡ ಇತ್ತು. ಸೂರ್ಯ ಬರುವುದು ತಡವಾಯಿತು. ಬಂಡೆಯ ಮೇಲೆ ಎಲ್ಲರೂ ನಿಂತೇ ಇದ್ದರು. ಅಡವೀಶನ ಮಂಡಿ ಮೊದಲು ನಡುಗಿತು. ಅವನು ಹಲ್ಲು ಕಚ್ಚಿ ಹಿಡಿದ. ಆಮೇಲೆ ಮಂಡಿ ಒಮ್ಮೆಲೇ ಕಳಚಿದ ಹಾಗಾಗಿ ಧೊಪ್ಪನೆ ಬಿದ್ದ. ಮೊಣಕೈ ತರಚಿ ರಕ್ತ ಬಂತು.

ಯಾರೂ ಅಲುಗಲಿಲ್ಲ. ನಿಲುವಿನಲ್ಲಿ ಅಲುಗಬಾರದಲ್ಲ.

ಅವನು ತಾನೇ ಎದ್ದ. ಬಂಡೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಇಳಿದು ಹೋಗಿ ಗುಡಿಸಲಿನಿಂದ ತನ್ನ ಬಟ್ಟೆಯ ಗಂಟು ತಂದ. ಗುರುಗಳ ಮುಂದೆ ಬಂದು ನಿಂತ.

"ಬರ್ತೀನಿ ಬುದ್ಧಿ."

"ಎಲ್ಲಿಗೆ?"

"ಗೊತ್ತಿಲ್ಲ."

"ಬಟ್ಟೆ ಕೊಟ್ಟೆ, ತುಳೀಲಿಲ್ಲ. ಗೋಣಿ ತೋರಿಸಿದೆ, ತುಳೀಲಿಲ್ಲ."

"ನಿಮ್ಮ ಮಾತು ಮೀರಿದ್ರೆ ಪಾಪ. ನೀವು ಕೊಟ್ಟಿದ್ದು ತುಳಿದ್ರೆ ಪಾಪ. ಈ ಎರಡರ ಮಧ್ಯೆ ನಾನು ಎಲ್ಲಿ ಕಾಲಿಡಲಿ ಬುದ್ಧಿ?" ಅವನ ದನಿ ಒಡೆಯಿತು. "ಮೊದಲೇ ಸೊಟ್ಟ ಅನ್ನಿಸಿಕೊಂಡವನು. ಗುರುಗಳ ಕಾವಿ ತುಳಿದವನು ಅಂತ ಬೇರೆ ಅನ್ನಿಸಿಕೊಳ್ಳಲಾರೆ. ಅಪ್ಪಣೆ ಕೊಡಿ."

ಗುರುಗಳು ಅವನನ್ನೇ ನೋಡುತ್ತ ನಿಂತರು. ಅವನ ಊರಿನವರು ಅವನಿಗೆ ಏನು ಮಾಡಿಟ್ಟಿದ್ದಾರೆ ಅನ್ನುವುದು ಅವರಿಗೆ ಆಗ ಪೂರ್ತಿ ಕಂಡಿರಬೇಕು.

"ಗಂಟು ಕೆಳಗಿಡು," ಅಂದರು. "ಬಂಡೆ ಹತ್ತು. ಹೋಗೋಕೆ ಮುಂಚೆ ಇನ್ನೊಂದು ಸಲ ನಿಲ್ಲು."

ಅವನು ಹತ್ತಿ ನಿಂತ. ಗುರುಗಳೂ ಹತ್ತಿದರು. ಅವನ ಎದುರಿಗೆ ಬಂದರು.

ಆಮೇಲೆ ಅವರು ಬಂಡೆಯ ಮೇಲೆ ಕೂತುಬಿಟ್ಟರು.

ಗವಿಯಪ್ಪನ ಬಾಯಿಂದ "ಆ!" ಅಂತ ಹೊರಟಿತು. ಆ ಬಂಡೆಯ ಮೇಲೆ ಯಾರೂ ಕೂತದ್ದೇ ಇಲ್ಲ. ಕೂರಕೂಡದು ಅಂದವರೇ ಈಗ ಶಿಷ್ಯನ ಕಾಲ ಬಳಿ ಮಂಡಿ ಮಡಿಸಿ ಕೂತಿದ್ದರು.

ಗುರುಗಳು ಬಲಗೈ ಬಂಡೆಯ ಮೇಲಿಟ್ಟರು. ಅಂಗೈ ಮೇಲಕ್ಕೆ. ಬೆರಳು ಸ್ವಲ್ಪ ಮಡಿಸಿದರು.

"ಎಡಗಾಲು ಇದರ ಮೇಲಿಡು."

"ಬುದ್ಧಿ!"

"ಇಡು."

"ಸತ್ತರೂ ಆಗಲ್ಲ ಬುದ್ಧಿ! ನಿಮ್ಮ ಕೈ ಮೇಲೆ ಕಾಲಾ? ನರಕದಲ್ಲೂ ನನಗೆ ಜಾಗ ಸಿಗಲ್ಲ!"

"ಜಾಗ ಬೇಕು ಅಂತ ಬಂದೋನು ನೀನು. ಇಲ್ಲಿದೆ ನೋಡು ಜಾಗ."

ನಿಲುವು ಆಗಲೇ ಮುರಿದುಹೋಗಿತ್ತು. ಎಲ್ಲ ಶಿಷ್ಯರೂ ಸುತ್ತ ನೆರೆದಿದ್ದರು. ಗವಿಯಪ್ಪ ಕೈ ಹಿಸುಕಿಕೊಳ್ಳುತ್ತಿದ್ದ.

"ನಾನು ಮುದುಕ ಕಣೋ. ಬಂಡೆ ತಣ್ಣಗಿದೆ. ಎಷ್ಟೊತ್ತು ಕೂರಿಸ್ತೀಯ?"

ಅಡವೀಶ ಅಳುತ್ತಾ ಕಾಲು ಎತ್ತಿದ. ಅಳುತ್ತಾ ಇಳಿಸಿದ. ಹೂವಿನ ಮೇಲೆ ಕಾಲಿಡುವವನ ಹಾಗೆ ಸುಮ್ಮನೆ ತಾಗಿಸಿದ.

"ಭಾರ ಬಿಡು."

ಸ್ವಲ್ಪ ಬಿಟ್ಟ.

"ಪೂರ್ತಿ ಬಿಡು. ಅರ್ಧಂಬರ್ಧ ನಿಲ್ಲೋರನ್ನ ನೋಡಿ ನನಗೆ ಸಾಕಾಗಿದೆ."

ಅಡವೀಶ ಕಣ್ಣು ಮುಚ್ಚಿ ಪೂರ್ತಿ ಭಾರ ಬಿಟ್ಟ.

ಕುಸಿದ ಅಂಗಾಲನ್ನು ಗುರುಗಳ ಕೈ ಒಳಗಿನಿಂದ ಮೇಲಕ್ಕೆ ಎತ್ತಿ ಹಿಡಿಯಿತು. ಮೊದಲು ಕಾಲಿನ ಗೆಣ್ಣು ನೇರವಾಯಿತು. ಒಳಕ್ಕೆ ತಿರುಗಿದ್ದ ಮಂಡಿ ಮುಂದಕ್ಕೆ ನೋಡಿತು. ಇಳಿದಿದ್ದ ಸೊಂಟ ಮೇಲೆ ಬಂತು. ಬೆನ್ನು ತಾನೇ ತಾನಾಗಿ ಏಳತೊಡಗಿತು. ಗವಿಯಪ್ಪ ಕೂಗಿ ಕೂಗಿ ಸೋತಿದ್ದ ಆ ಭುಜ, ಯಾರೂ ಏನೂ ಹೇಳದೆ, ಇನ್ನೊಂದು ಭುಜದ ಸಮಕ್ಕೆ ಬಂದು ನಿಂತಿತು.

ಕತ್ತನ್ನು ಯಾರೂ ಮುಟ್ಟಲಿಲ್ಲ. ಅದು ನೆಟ್ಟಗಾಗಿತ್ತು.

ನೋಡುತ್ತಿದ್ದವರಿಗೆ ಮೈಮೇಲೆ ಮುಳ್ಳೆದ್ದವು. ಒಬ್ಬ ಮನುಷ್ಯ ನೆಲದಿಂದ ಮೇಲಕ್ಕೆ, ಗೆಣ್ಣು ಗೆಣ್ಣಾಗಿ, ಅವರ ಕಣ್ಣೆದುರಿಗೇ ಎದ್ದು ನಿಂತಿದ್ದ. ಇಷ್ಟು ದಿನ ಅವನು ಇಷ್ಟು ಎತ್ತರ ಅಂತ ಅವರಿಗೆ ಗೊತ್ತೇ ಇರಲಿಲ್ಲ.

"ಕಣ್ಣು ಬಿಡು," ಅಂದರು ಗುರುಗಳು ಕೆಳಗಿನಿಂದ.

ಅಡವೀಶ ಕಣ್ಣು ಬಿಟ್ಟ.

ಎದುರಿಗೆ ಹೊಳೆ ಇತ್ತು, ಆಚೆ ದಡ ಇತ್ತು. ಅವನು ಅದನ್ನೇ ನೋಡಿದ.

"ಬುದ್ಧಿ, ಆ ದಡ ಇಷ್ಟು ಸಮ ಇತ್ತಾ?"

"ಯಾವಾಗಲೂ ಇತ್ತು."

"ನನಗೆ ಯಾವಾಗಲೂ ಒಂದು ಕಡೆ ಇಳಿಜಾರಾಗಿ ಕಾಣೋದು. ಲೋಕವೇ ಹಾಗೆ ಅಂದ್ಕೊಂಡಿದ್ದೆ."

ಗವಿಯಪ್ಪ ಮುಖ ಆಚೆ ತಿರುಗಿಸಿಕೊಂಡ. ಅವನ ಕಣ್ಣಲ್ಲೂ ನೀರಿತ್ತು.

ಸೊಂಟದ ನೋವು ಪೂರ್ತಿ ಹೋಗಿರಲಿಲ್ಲ. ಆದರೆ ಅದು ಸ್ವಲ್ಪ ದೂರ ಸರಿದು ಕೂತಿತ್ತು. ಅಡವೀಶ ಉಸಿರು ಎಳೆದುಕೊಂಡ. ಉಸಿರು ಎದೆಯ ಎರಡೂ ಕಡೆ ತುಂಬಿತು. ಹಾಗೆ ತುಂಬಬಹುದು ಅನ್ನುವುದೂ ಅವನಿಗೆ ಗೊತ್ತಿರಲಿಲ್ಲ. ಅವನು ನಗುತ್ತಿದ್ದನೋ ಅಳುತ್ತಿದ್ದನೋ ಹೇಳುವುದು ಕಷ್ಟ.

ಮೋಡ ಸರಿಯಿತು. ಹೊಂಗೆಮರದ ಮೇಲೆ ಸೂರ್ಯ ಬಂದ.

ಆಗ ಅಡವೀಶ ಕೆಳಗೆ ನೋಡಿದ. ಗುರುಗಳ ಮುಂಗೈಯ ನರಗಳು ಉಬ್ಬಿದ್ದವು. ಬೆರಳು ಬಿಳುಚಿದ್ದವು. ಭುಜ ಸಣ್ಣಗೆ ನಡುಗುತ್ತಿತ್ತು.

"ಬುದ್ಧಿ, ಕೈ ನೋಯ್ತಿದೆಯಾ?"

"ನೋಯದೆ ಏನು? ನೀನೇನು ಹತ್ತಿಮೂಟೇನಾ?"

"ಇಳೀತೀನಿ ಬುದ್ಧಿ!"

"ಇಳಿದು ಮತ್ತೆ ವಾಲ್ತೀಯಾ?"

ಕಾಲು ಎತ್ತಹೋದ ಅಡವೀಶ ಹಾಗೇ ನಿಂತ.

"ನೀನು ನಿಲ್ಲೋಕೆ ಏನಾದ್ರೂ ಬೇಕಲ್ಲಪ್ಪಾ. ಬೇರೆ ಏನೂ ಇಲ್ಲ ಅಂದ್ರೆ ಇದು ಇಲ್ಲೇ ಇರುತ್ತೆ. ನಾಳೆನೂ ಇರುತ್ತೆ. ನಾಡಿದ್ದೂ ಇರುತ್ತೆ. ನನ್ನ ಕೈ ಇರೋ ತನಕ ಇರುತ್ತೆ."

ಅವರು ತಮಾಷೆ ಮಾಡುತ್ತಿರಲಿಲ್ಲ. ಅದು ಅಡವೀಶನಿಗೂ ಗೊತ್ತಾಯಿತು, ಸುತ್ತ ನಿಂತವರಿಗೂ ಗೊತ್ತಾಯಿತು.

ಅಡವೀಶ ಆ ನಡುಗುವ ಕೈಯನ್ನು ನೋಡಿದ.

"ಗವಿಯಣ್ಣ!" ಅಂತ ಕೂಗಿದ. "ಓಡು! ಪೂಜೆ ಮಣೆ ಮೇಲಿರೋ ಕಾವಿ ತಗೊಂಡು ಬಾ!"

"ಕಾವಿನಾ? ಯಾಕೆ?"

"ತುಳಿಯೋಕೆ!"

ಗವಿಯಪ್ಪ ಗುರುಗಳ ಕೈ ನೋಡಿದ. ಪಂಚೆ ಎತ್ತಿ ಕಟ್ಟಿ ಓಡಿದ. ಪೂಜೆಯ ಕೋಣೆಯಲ್ಲಿ ಮಣೆ ಉರುಳಿದ ಸದ್ದು ಬಂಡೆಯ ತನಕ ಕೇಳಿಸಿತು. ಏದುಸಿರು ಬಿಡುತ್ತಾ ಬಂದ. ಕಾವಿಯ ದಿಂಬಿಗೆ ಅಂಟಿದ್ದ ಹೂವನ್ನೂ ವಿಭೂತಿಯನ್ನೂ ತನ್ನ ಕೈಯಾರೆ ಕೊಡವಿದ. ಮಂಡಿಯೂರಿ, ತಾನೇ ಅದನ್ನು ಗುರುಗಳ ಅಂಗೈಯ ಪಕ್ಕದಲ್ಲಿ ಇಟ್ಟ.

ಅಡವೀಶ ಕಾಲು ಎತ್ತಿದ. ಈ ಸಲ ಕಾಲು ನಿಲ್ಲಲಿಲ್ಲ. ನೇರವಾಗಿ ಕಾವಿಯ ಮೇಲೆ ಇಳಿಯಿತು. ಕಣ್ಣು ಬಿಟ್ಟುಕೊಂಡೇ, ಪೂರ್ತಿ ಭಾರ ಬಿಟ್ಟು ನಿಂತ.

ನೆಟ್ಟಗೆ ನಿಂತ.

ಗುರುಗಳು ಕೈಯನ್ನು ಮೆಲ್ಲಗೆ ಎಳೆದುಕೊಂಡರು. ಗವಿಯಪ್ಪ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ತಿಕ್ಕತೊಡಗಿದ. ಅಂಗೈಯ ಮೇಲೆ ಅಡವೀಶನ ಕಾಲಿನ ಗುರುತು ಕೆಂಪಗೆ ಮೂಡಿತ್ತು.

ಅದು ಅಡವೀಶನ ಕಣ್ಣಿಗೆ ಬಿತ್ತು.

"ತಪ್ಪಾಯ್ತು ಬುದ್ಧಿ. ನಾನು ನಿಮ್ಮನ್ನ ತುಳಿದುಬಿಟ್ಟೆ."

ಗುರುಗಳು ತಮ್ಮ ಅಂಗೈಯನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಮೇಲಕ್ಕೆ, ಅವನ ಮುಖ ನೋಡಿದರು.

"ತು‍ಳಿದೆಯಾ? ನೀನು ನಿಂತಿದ್ದು ಮಾತ್ರ ನನಗೆ ಗೊತ್ತಾಯ್ತಪ್ಪಾ."